ಹುರಿಹಿಟ್ಟಿನ ಪ್ರೋಟೀನ್ ಅಳೆಯಲು ಹೊರಟು

ಕುಮಟೆಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಹೆಂಗಸರ ಸ್ವಸಹಾಯ ಸಂಘ ಒಂದಿದೆ. ಹಪ್ಪಳ, ಸಂಡಿಗೆ, ಮುರುಗಲ ಸಿಪ್ಪೆ, ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಚಿಕ್ಕ ಮಕ್ಕಳಿಗೆಂದು ಹುರಿಹಿಟ್ಟನ್ನೂ ಮಾಡುತ್ತಾರೆ. ಹುರಿಹಿಟ್ಟಿನ ಅಳತೆ ನಮ್ಮ ಅತ್ತೆಯದು. ಕುಚಲಕ್ಕಿ ನಾಲ್ಕು ಪಾಲು, ಹೆಸರು ಒಂದು ಪಾಲು, ಸ್ವಲ್ಪ ಜೀರಿಗೆ, ಏಲಕ್ಕಿ. ಹುರಿದು ಗಿರಣಿಗೆ ಹಾಕಿಸಿ ಬೆಲ್ಲದ ಪುಡಿ ಬೆರೆಸುವುದು.

ಒಂದು ಮಳೆಗಾಲದ ಸಂಜೆ ಸಂಘದ ಮುಖ್ಯಸ್ಥೆ ಪೇಟೆಯ ಪ್ಯಾಕೆಟ್ ಒಂದನ್ನು ಹಿಡಿದು ಬಂದರು. "ಅಕ್ಕೋರೇ, ಇದರ ಮೇಲೆ ಪ್ರೋಟೀನ್ 14 ಗ್ರಾಂ ಅಂತ ಬರ್ದಿದ್ದಾರೆ. ನಮ್ಮದು ಎಷ್ಟು? ಅಂಗಡಿಯವ್ರು ಕೇಳ್ತಾರೆ" ಅಂದರು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವಳು. ಇದೇನು ದೊಡ್ಡ ವಿಷಯ ಅನ್ನಿಸಿತು. ಆ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ನನಗೆ ಒಂದೂವರೆ ವರ್ಷ ಹಿಡಿಯಿತು. ಇಲ್ಲಿ ಬರೆಯುತ್ತಿರುವುದು ಆ ಒಂದೂವರೆ ವರ್ಷದ ಕೆಲಸ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಭಾರತೀಯ ಆಹಾರಗಳ ಕೋಷ್ಟಕ ಹೊರತಂದಿದೆ. 528 ಆಹಾರಗಳ ವಿವರ ಅದರಲ್ಲಿದೆ. ಅಕ್ಕಿಯಲ್ಲಿ ನೂರು ಗ್ರಾಂಗೆ ಸುಮಾರು 8 ಗ್ರಾಂ ಪ್ರೋಟೀನ್, ಹೆಸರುಬೇಳೆಯಲ್ಲಿ ಸುಮಾರು 24. ಬೆಲ್ಲ ಬಿಟ್ಟು ಬರೀ ಕಾಳಿನ ಲೆಕ್ಕ ಹಾಕಿದರೆ ಅತ್ತೆಯ ಹಿಟ್ಟು ನೂರಕ್ಕೆ 11.2 ಗ್ರಾಂ. ಪೇಟೆಯದ್ದು 14. ಏನು ಮಾಡುವುದು? ಶೇಂಗಾ ಹಾಕೋಣ ಅಂದೆ. ಶೇಂಗಾದಲ್ಲೂ ಸುಮಾರು 24 ಗ್ರಾಂ ಇದೆ. ಹೆಸರು ಹುರಿಯುವ ಕಷ್ಟ ಇಲ್ಲ, ಮಕ್ಕಳಿಗೂ ರುಚಿ. ಅಕ್ಕಿ 60, ಶೇಂಗಾ 40 ಮಾಡಿದೆವು. ಲೆಕ್ಕಕ್ಕೆ 14.4 ಗ್ರಾಂ ಬಂತು. ಎಲ್ಲರಿಗೂ ಸಮಾಧಾನ ಆಯಿತು.

ಅತ್ತೆ ಒಬ್ಬರೇ ಒಪ್ಪಲಿಲ್ಲ. "ಶೇಂಗಾ ಹಾಕಿದ್ರೆ ಹಿಟ್ಟು ಬೇಗ ಕಮಟು ಬರ್ತದೆ ಮಾರಾಯ್ತಿ. ಮಗುಗೆ ಹೆಸರೇ ಚಲೋದು" ಅಂದರು. ಕಮಟಿನ ವಿಷಯಕ್ಕೆ ಹೌದು ಅಂದೆ. ಹೆಸರಿನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಮಾದರಿಯನ್ನು ಪೇಟೆಯ ಲ್ಯಾಬಿಗೆ ಕಳಿಸಿದೆವು. ವರದಿಯಲ್ಲಿ ನಮ್ಮ ಲೆಕ್ಕಕ್ಕಿಂತ ಜಾಸ್ತಿಯೇ ಬಂದಿತ್ತು. ಸಂಘದವರು ಪೇಢೆ ಹಂಚಿದರು. ವರದಿಯ ಕೆಳಗಿನ ಸಾಲನ್ನು ನಾನು ಓದಿದ್ದು ಆಮೇಲೆ. ಅಂಕಿ ಇದ್ದದ್ದು ತೇವಾಂಶ ಕಳೆದ ಒಣ ತೂಕಕ್ಕೆ. ಮಳೆಗಾಲದಲ್ಲಿ ನಮ್ಮ ಹಿಟ್ಟಿನಲ್ಲಿ ನೂರಕ್ಕೆ ಒಂಬತ್ತು ಹತ್ತು ಭಾಗ ನೀರೇ ಇರುತ್ತದೆ. ಒಣ ತೂಕಕ್ಕೆ ಬಂದ ಅಂಕಿಯನ್ನು ಹಾಗೇ ಪ್ಯಾಕೆಟ್ಟಿಗೆ ಹಾಕಿದರೆ ಅದು ತಪ್ಪು. ಲ್ಯಾಬಿಗೆ ಕೊಡುವಾಗಲೇ "ಇದ್ದ ಹಾಗೆ ತೂಕಕ್ಕೆ" ಎಂದು ಬರೆದು ಕೊಡಬೇಕು. ನಾನು ಬರೆದು ಕೊಟ್ಟಿರಲಿಲ್ಲ.

ಇಷ್ಟಕ್ಕೇ ನಿಲ್ಲುತ್ತಿತ್ತೇನೋ. ಆದರೆ ಅದೇ ವಾರ ತರಗತಿಯಲ್ಲಿ ಕೆಲ್ಡಾಲ್ ವಿಧಾನ ಹೇಳುತ್ತಿದ್ದೆ. ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ತೋರಿಸಿದ ವಿಧಾನ. ಮಾದರಿಯನ್ನು ಗಂಧಕಾಮ್ಲದಲ್ಲಿ ಕುದಿಸುತ್ತೇವೆ. ಅದರಲ್ಲಿದ್ದ ಸಾರಜನಕ ಅಮೋನಿಯಂ ಲವಣವಾಗಿ ಉಳಿಯುತ್ತದೆ. ಕ್ಷಾರ ಹಾಕಿ ಅಮೋನಿಯವನ್ನು ಬಟ್ಟಿ ಇಳಿಸಿ ಅಳೆಯುತ್ತೇವೆ. ಪ್ರೋಟೀನಿನಲ್ಲಿ ಸರಾಸರಿ ನೂರಕ್ಕೆ 16 ಭಾಗ ಸಾರಜನಕ ಇರುವುದರಿಂದ ಬಂದ ಅಂಕಿಯನ್ನು 6.25ರಿಂದ ಗುಣಿಸುತ್ತೇವೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಹಾಗಾದ್ರೆ ಯೂರಿಯಾ ಹಾಕಿದ್ರೂ ಪ್ರೋಟೀನ್ ಅಂತ ಬರ್ತದಾ ಮೇಡಂ?"

ಬರುತ್ತದೆ. 2008ರಲ್ಲಿ ಚೀನಾದಲ್ಲಿ ಆಗಿದ್ದು ಅದೇ. ನೀರು ಬೆರೆಸಿದ ಹಾಲಿಗೆ ಮೆಲಮೈನ್ ಹಾಕಿದರು. ಮೆಲಮೈನಿನ ತೂಕದಲ್ಲಿ ಮೂರರಲ್ಲಿ ಎರಡು ಭಾಗ ಸಾರಜನಕವೇ. ಪರೀಕ್ಷೆಯಲ್ಲಿ ಪ್ರೋಟೀನ್ ಚೆನ್ನಾಗಿ ಬಂತು. ಆ ಹಾಲಿನ ಪುಡಿ ಕುಡಿದ ಲಕ್ಷಾಂತರ ಮಕ್ಕಳು ಕಾಯಿಲೆ ಬಿದ್ದರು, ಕೆಲವು ಮಕ್ಕಳು ಸತ್ತರು. ಇದನ್ನು ಹುಡುಗಿಗೆ ಹೇಳುತ್ತಿದ್ದಾಗಲೇ ನನಗೆ ನಮ್ಮ ಪ್ಯಾಕೆಟ್ ನೆನಪಾಯಿತು. ನಾವು ಕಲಬೆರಕೆ ಮಾಡಿರಲಿಲ್ಲ, ನಿಜ. ಆದರೆ ನಾವು ಅಳೆದದ್ದೂ ಸಾರಜನಕವನ್ನೇ, ಅಲ್ವಾ? ಆ ಪ್ರೋಟೀನಿನಲ್ಲಿ ಮಗುವಿನ ಮೈಗೆ ಬೇಕಾದ್ದು ಎಷ್ಟಿದೆ ಎಂದು ನೋಡಿಯೇ ಇರಲಿಲ್ಲ.

6.25ಕ್ಕೂ ಒಂದು ತೊಡಕಿದೆ. ಎಲ್ಲ ಪ್ರೋಟೀನಿನಲ್ಲೂ ಸಾರಜನಕ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಅಕ್ಕಿಗೆ 5.95, ಹಾಲಿಗೆ 6.38, ಶೇಂಗಾಕ್ಕೆ 5.46 ಎಂದು ಬೇರೆ ಬೇರೆ ಗುಣಕಗಳಿವೆ. ಶೇಂಗಾ ಹಿಟ್ಟಿಗೆ 6.25 ಹಾಕಿದರೆ ನೂರು ಇದ್ದದ್ದು 114 ಆಗಿ ಕಾಣುತ್ತದೆ. ನಮ್ಮ ವರದಿಯಲ್ಲಿ ಅಂಕಿ ಏರಲು ಇದೂ ಒಂದು ಕಾರಣ.

ಆ ರಾತ್ರಿ ಊಟ ಮುಗಿಸಿ ಪೆನ್ಸಿಲ್, ಕಾಗದ ಹಿಡಿದು ಕೂತೆ. ಈ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಪ್ರೋಟೀನ್ ಅಂದರೆ ಅಮೈನೊ ಆಮ್ಲಗಳ ಸರ. ಅದರಲ್ಲಿ ಒಂಬತ್ತನ್ನು ನಮ್ಮ ಮೈ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಒಂದು ಕಡಿಮೆ ಬಿದ್ದರೂ ಉಳಿದವು ಪೂರ್ತಿ ಉಪಯೋಗಕ್ಕೆ ಬರುವುದಿಲ್ಲ. ನಾಗರ ಪಂಚಮಿಗೆ ಅರಿಶಿನ ಎಲೆಯ ಕಡುಬು ಮಾಡುತ್ತೇವಲ್ಲ, ಹಾಗೆ. ಹಿಟ್ಟು, ಹೂರಣ ಎಷ್ಟೇ ಇರಲಿ, ಎಲೆ ಎಷ್ಟಿದೆಯೋ ಅಷ್ಟೇ ಕಡುಬು. ಅಕ್ಕಿಯಲ್ಲಿ ಕಡಿಮೆ ಬೀಳುವ ಎಲೆ ಲೈಸಿನ್. ಬೇಳೆಕಾಳಿನಲ್ಲಿ ಕಡಿಮೆ ಬೀಳುವುದು ಗಂಧಕ ಇರುವ ಎರಡು, ಮಿಥಿಯೊನಿನ್ ಮತ್ತು ಸಿಸ್ಟೀನ್.

ಹೈದರಾಬಾದಿನ ಕೋಷ್ಟಕದಲ್ಲಿ ಅಮೈನೊ ಆಮ್ಲಗಳನ್ನು ನೂರು ಗ್ರಾಂ ಪ್ರೋಟೀನಿಗೆ ಇಷ್ಟು ಗ್ರಾಂ ಎಂದು ಕೊಟ್ಟಿದ್ದಾರೆ. ನೂರು ಗ್ರಾಂ ಆಹಾರಕ್ಕೆ ಎಂದು ಓದಿಕೊಂಡರೆ ಇಡೀ ಲೆಕ್ಕ ಹಾಳು. ಹತ್ತರಿಂದ ಗುಣಿಸಿದರೆ ಒಂದು ಗ್ರಾಂ ಪ್ರೋಟೀನಿಗೆ ಎಷ್ಟು ಮಿಲಿಗ್ರಾಂ ಎಂದು ಸಿಗುತ್ತದೆ. ಲೈಸಿನ್ ಅಕ್ಕಿಯಲ್ಲಿ ಸುಮಾರು 37, ಶೇಂಗಾದಲ್ಲಿ 35, ಹೆಸರುಬೇಳೆಯಲ್ಲಿ 68. ಮಗುವಿಗೆ ಎಷ್ಟು ಬೇಕು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರ ವರದಿಯಲ್ಲಿ ಆರು ತಿಂಗಳಿಂದ ಮೂರು ವರ್ಷದ ಮಗುವಿಗೆ ಗ್ರಾಂ ಪ್ರೋಟೀನಿಗೆ 57 ಮಿಲಿಗ್ರಾಂ ಲೈಸಿನ್ ಇಟ್ಟಿದೆ. ಗಂಧಕದ ಜೋಡಿಗೆ 27. ದೊಡ್ಡವರಿಗೆ ಇದಕ್ಕಿಂತ ಕಡಿಮೆ ಸಾಕು, ಲೈಸಿನ್ 48. ನಮ್ಮ ಹಿಟ್ಟು ಮಕ್ಕಳದ್ದು, ಹಾಗಾಗಿ 57ನ್ನೇ ಹಿಡಿದೆ.

ಶೇಂಗಾ ಹಿಟ್ಟನ್ನು ನೋಡಿ. ಅಕ್ಕಿಯಿಂದ 4.8 ಗ್ರಾಂ ಪ್ರೋಟೀನ್, ಅದರಲ್ಲಿ 178 ಮಿಲಿಗ್ರಾಂ ಲೈಸಿನ್. ಶೇಂಗಾದಿಂದ 9.6 ಗ್ರಾಂ, ಅದರಲ್ಲಿ 336. ಒಟ್ಟು 514. ಇದನ್ನು 14.4ರಿಂದ ಭಾಗಿಸಿದರೆ ಗ್ರಾಂಗೆ 36. ಬೇಕಾದದ್ದು 57. ಅಂದರೆ ನೂರಕ್ಕೆ 63. ಬರೀ ಅಕ್ಕಿಗೇ 65 ಬರುತ್ತದೆ! ಅಕ್ಕಿಯ ಕೊರತೆ ತುಂಬಲು ಅದೇ ಕೊರತೆ ಇರುವ ಶೇಂಗಾ ಹಾಕಿದ್ದೆ.

ಅತ್ತೆಯ ಹಳೆಯ ಅಳತೆಗೆ ಅದೇ ಲೆಕ್ಕ ಹಾಕಿದೆ. 11.2 ಗ್ರಾಂ ಪ್ರೋಟೀನಿನಲ್ಲಿ 563 ಮಿಲಿಗ್ರಾಂ ಲೈಸಿನ್. ಗ್ರಾಂಗೆ 50. ನೂರಕ್ಕೆ 88. ಪ್ರೋಟೀನ್ ಮೂರು ಗ್ರಾಂ ಕಡಿಮೆ, ಆದರೆ ಲೈಸಿನ್ ಜಾಸ್ತಿ. ನಾನು ಆ ಕಾಗದವನ್ನು ಎರಡು ಸಲ ತಿದ್ದಿ ನೋಡಿದೆ. ತಪ್ಪು ಇರಲಿಲ್ಲ.

ಆಮೇಲೆ ಶೇಂಗಾದ ಜಾಗಕ್ಕೆ ಹೆಸರುಬೇಳೆ ಹಾಕಿ ನೋಡಿದೆ. ಅಕ್ಕಿ 60, ಹೆಸರುಬೇಳೆ 40. ಪ್ರೋಟೀನ್ ಅದೇ 14.4. ಲೈಸಿನ್ ಗ್ರಾಂಗೆ ಸುಮಾರು 58. ಗಂಧಕದ ಜೋಡಿ ಅಕ್ಕಿಯಲ್ಲಿ ಗ್ರಾಂಗೆ 44, ಹೆಸರಿನಲ್ಲಿ ಬರೀ 20ರ ಸುತ್ತ. ಕೂಡಿಸಿ ಭಾಗಿಸಿದರೆ 28. ಎರಡೂ ಗೆರೆ ದಾಟಿದವು. ಹೆಸರನ್ನು ಇನ್ನೂ ಜಾಸ್ತಿ ಮಾಡಿದರೆ ಗಂಧಕದ ಜೋಡಿ 27ರ ಕೆಳಗೆ ಇಳಿಯುತ್ತದೆ. ಅಂದರೆ ಮೂರಕ್ಕೆ ಎರಡು ಅನ್ನುವ ಈ ಪ್ರಮಾಣ ಸರಿಯಾದ ಜಾಗದಲ್ಲೇ ಕೂತಿದೆ. ಅಕ್ಕಿಯಲ್ಲಿ ಇಲ್ಲದ್ದು ಹೆಸರಿನಲ್ಲಿದೆ, ಹೆಸರಿನಲ್ಲಿ ಇಲ್ಲದ್ದು ಅಕ್ಕಿಯಲ್ಲಿದೆ. ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೆ. ನಮ್ಮದೇ ಹಿಟ್ಟಿನ ಅಂಕಿಯಲ್ಲಿ ಕಂಡಾಗ ಆದ ಖುಷಿಯೇ ಬೇರೆ.

ಇಷ್ಟಾದರೂ ಇದು ಬಾಯಿಗೆ ಹಾಕಿದ್ದರ ಲೆಕ್ಕ. ಎಷ್ಟು ಜೀರ್ಣವಾಗುತ್ತದೆ ಅನ್ನುವುದು ಇನ್ನೊಂದು.

ಹಿಂದೆ ಇದನ್ನೆಲ್ಲ ಹೆಚ್ಚಾಗಿ ಇಲಿಗಳ ಮೇಲೆ ನೋಡುತ್ತಿದ್ದರು. 1909ರಲ್ಲಿ ಜರ್ಮನಿಯ ಕಾರ್ಲ್ ಥಾಮಸ್ ಮೈಯಲ್ಲಿ ಉಳಿಯುವ ಸಾರಜನಕದ ಲೆಕ್ಕ ಹಿಡಿದು ಜೈವಿಕ ಮೌಲ್ಯ ಅನ್ನುವ ಅಳತೆ ಕೊಟ್ಟ. 1919ರಲ್ಲಿ ಅಮೆರಿಕದ ಆಸ್ಬಾರ್ನ್, ಮೆಂಡೆಲ್ ಮತ್ತು ಫೆರ್ರಿ ಇನ್ನೂ ಸುಲಭ ಮಾಡಿದರು. ಎಳೆ ಇಲಿ ಒಂದು ಗ್ರಾಂ ಪ್ರೋಟೀನ್ ತಿಂದು ಎಷ್ಟು ಗ್ರಾಂ ತೂಕ ಏರಿತು ಎಂದು ನೋಡುವುದು, ಅಷ್ಟೇ. ಹಾಲಿನ ಕೇಸೀನ್ ಅದಕ್ಕೆ ಒರೆಗಲ್ಲು. ದಶಕಗಟ್ಟಲೆ ಜಗತ್ತು ಇದನ್ನೇ ನಂಬಿತ್ತು. ಆದರೆ ಇಲಿಯ ಮೈತುಂಬ ಕೂದಲು. ಕೂದಲಿಗೆ ಗಂಧಕದ ಅಮೈನೊ ಆಮ್ಲ ಜಾಸ್ತಿ ಬೇಕು. ಹಾಗಾಗಿ ಬೇಳೆಕಾಳುಗಳಿಗೆ ಅನ್ಯಾಯವಾಗಿ ಕಡಿಮೆ ಅಂಕ ಬೀಳುತ್ತಿತ್ತು. ಬೇಳೆಯನ್ನೇ ನಂಬಿ ಬದುಕುವ ನಮ್ಮಂಥವರ ಊಟವನ್ನು ಇಲಿಯ ಕೂದಲಿನ ಅಗತ್ಯದಿಂದ ಅಳೆದದ್ದು ನನಗೆ ಈಗಲೂ ಬೇಸರದ ವಿಷಯ.

1989ರಲ್ಲಿ ತಜ್ಞರು ಸೇರಿ ಮಗುವಿನ ಅಗತ್ಯವನ್ನೇ ಅಳತೆಗೋಲು ಮಾಡಿದರು. ಕಡಿಮೆ ಬೀಳುವ ಅಮೈನೊ ಆಮ್ಲದ ಅಂಕವನ್ನು ಜೀರ್ಣದ ಪ್ರಮಾಣದಿಂದ ಗುಣಿಸುವುದು. ಪಿಡಿಸಿಎಎಎಸ್ ಎಂದು ಹೆಸರು, ಬಾಯಲ್ಲಿ ಪಿಡಿಕಾಸ್. ಅಂಕ ನೂರು ದಾಟಿದರೂ ನೂರಕ್ಕೇ ನಿಲ್ಲಿಸುತ್ತಾರೆ. ಜೀರ್ಣದ ಅಂಕಿಗಳು ಹಳೆಯ ಪಟ್ಟಿಯಲ್ಲಿ ಹೀಗಿವೆ: ಮೊಟ್ಟೆ 97, ಶೇಂಗಾ 94, ಬಿಳಿ ಅಕ್ಕಿ 88, ಬೀನ್ಸ್ ಕಾಳು 78. ಹೆಸರಿಗೆ ಬೀನ್ಸಿನ 78ನ್ನೇ ಹಿಡಿದು, ಕುಚಲಕ್ಕಿಗೆ ಬಿಳಿ ಅಕ್ಕಿಯ ಅಂಕಿ ಹಿಡಿದು ಮತ್ತೆ ಲೆಕ್ಕ ಹಾಕಿದೆ.

ಶೇಂಗಾ ಹಿಟ್ಟಿಗೆ 58 ಬಂತು. ಅತ್ತೆಯ ಹಿಟ್ಟಿಗೆ 74. ಅಕ್ಕಿ, ಹೆಸರು ಮೂರಕ್ಕೆ ಎರಡು ಮಾಡಿದ್ದಕ್ಕೆ 81. ಇದರಿಂದ ನೂರು ಗ್ರಾಂ ಹಿಟ್ಟಿನಲ್ಲಿ ಮಗುವಿಗೆ ಪೂರ್ತಿ ಉಪಯೋಗಕ್ಕೆ ಬರುವ ಪ್ರೋಟೀನ್ ತೆಗೆದರೆ ಶೇಂಗಾದ್ದು 8.3 ಗ್ರಾಂ, ಅತ್ತೆಯದ್ದೂ 8.3 ಗ್ರಾಂ. ಹೊಸದು 11.7.

8.3 ಮತ್ತು 8.3. ಪ್ಯಾಕೆಟ್ಟಿನ ಮೇಲೆ 11 ಇದ್ದದ್ದನ್ನು 14 ಮಾಡಿದ್ದೆವು. ದರವನ್ನೂ ಏರಿಸಿದ್ದೆವು. ಮಗುವಿಗೆ ಒಂದು ಚಿಟಿಕೆಯೂ ಜಾಸ್ತಿ ಸಿಕ್ಕಿರಲಿಲ್ಲ. ಒಂದೂವರೆ ವರ್ಷದ ಮಗುವಿನ ಹೊಟ್ಟೆ ಎಷ್ಟು? ಅದರ ಮುಷ್ಟಿಯಷ್ಟು. ನಾಲ್ಕು ಚಮಚ ಅಂಬಲಿ ಕುಡಿದು ಮುಖ ತಿರುಗಿಸುತ್ತದೆ. ದೊಡ್ಡವರು ಇನ್ನೊಂದು ಸೌಟು ಬಡಿಸಿಕೊಂಡು ಕೊರತೆ ತುಂಬಿಕೊಳ್ಳಬಹುದು. ಮಗುವಿಗೆ ಆ ದಾರಿ ಇಲ್ಲ. ಅದಕ್ಕೇ ಮಕ್ಕಳ ಆಹಾರದಲ್ಲಿ ಎಷ್ಟು ಅನ್ನುವುದಕ್ಕಿಂತ ಎಂಥದ್ದು ಅನ್ನುವುದು ಮುಖ್ಯ.

ಮರುದಿನ ಅತ್ತೆಯ ಹತ್ತಿರ ಹೋಗಿ ಹೇಳಿದೆ. "ನೀವು ಹೇಳಿದ್ದೇ ಸರಿ. ಹೆಸರೇ ಬೇಕು" ಅಂದೆ. "ಅಷ್ಟು ಬರ್ದು ನೋಡ್ಬೇಕಾಯ್ತಾ ನಿಂಗೆ?" ಅಂದು ಅವರು ಅಡಕೆ ಹೋಳು ಬಾಯಿಗೆ ಹಾಕಿಕೊಂಡರು.

ಇನ್ನು ಹುರಿಯುವ ವಿಷಯ. ನಾನು ಅತಿ ಹೆಚ್ಚು ಕಲಿತದ್ದು ಇಲ್ಲಿ.

ಹಸಿ ಹೆಸರಿನಲ್ಲಿ ನಮ್ಮ ಜೀರ್ಣರಸ ಟ್ರಿಪ್ಸಿನ್ನನ್ನು ತಡೆಯುವ ವಸ್ತುಗಳಿವೆ. ಬಿಸಿಗೆ ಅವು ಸಾಯುತ್ತವೆ. ಹಾಗಾಗಿ ಹುರಿಯಲೇಬೇಕು. ಆದರೆ ಜಾಸ್ತಿ ಹುರಿದರೆ ಇನ್ನೊಂದು ತೊಂದರೆ. ಲೈಸಿನ್ನಿಗೆ ಹೊರಗೆ ಚಾಚಿದ ಒಂದು ಅಮೈನೊ ಗುಂಪಿದೆ. ಬಿಸಿಯಲ್ಲಿ ಅದು ಗ್ಲೂಕೋಸಿನಂಥ ಸಕ್ಕರೆಗೆ ಅಂಟಿಕೊಳ್ಳುತ್ತದೆ. ಕಂದು ಬಣ್ಣ, ಹುರಿದ ಪರಿಮಳ ಬರುವುದು ಇದರಿಂದಲೇ. ಮೈಯಾರ್ ಕ್ರಿಯೆ ಅನ್ನುತ್ತಾರೆ. ಹಾಗೆ ಅಂಟಿಕೊಂಡ ಲೈಸಿನ್ ಮೈಗೆ ಸಿಗುವುದಿಲ್ಲ. ಯಾವುದು ಅಕ್ಕಿಯಲ್ಲಿ ಮೊದಲೇ ಕಡಿಮೆಯೋ ಅದೇ ಬಾಣಲೆಯಲ್ಲಿ ಮೊದಲು ಹೋಗುತ್ತದೆ.

ಸಂಘದಲ್ಲಿ ಏನು ಮಾಡುತ್ತಿದ್ದರು ಗೊತ್ತಾ? ಪರಿಮಳ ಚೆನ್ನಾಗಿ ಬರಲಿ ಎಂದು ಕೆಂಪಗೆ ಹುರಿದು, ಬಾಣಲೆ ಬಿಸಿ ಇರುವಾಗಲೇ ಬೆಲ್ಲದ ಪುಡಿ ಹಾಕಿ ಕೈಯಾಡಿಸುತ್ತಿದ್ದರು. ಕೆಲವು ಸಲ ಹಾಲಿನ ಪುಡಿಯನ್ನೂ. ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಸ್ವಲ್ಪ ಇದ್ದೇ ಇರುತ್ತವೆ. ಹಾಲಿನ ಪುಡಿಯಲ್ಲಿ ಲ್ಯಾಕ್ಟೋಸ್. ಲೈಸಿನ್ನಿಗೆ ಇದಕ್ಕಿಂತ ಕೆಟ್ಟ ಜೊತೆ ಬೇರೆ ಇಲ್ಲ.

ಇಲ್ಲಿ ನಾನು ಇನ್ನೊಮ್ಮೆ ಮೋಸ ಹೋದೆ. ಹಾಗೆ ಕೆಂಪಗೆ ಹುರಿದ ಹಿಟ್ಟಿನ ಅಮೈನೊ ಆಮ್ಲ ಪರೀಕ್ಷೆ ಮಾಡಿಸಿದೆ. ನಮ್ಮ ಸಂಘಕ್ಕೆ ಅದು ದೊಡ್ಡ ಖರ್ಚು. ವರದಿಯಲ್ಲಿ ಲೈಸಿನ್ ಚೆನ್ನಾಗಿಯೇ ಇತ್ತು. ಹಾಗಾದರೆ ಹೆದರಿಕೆ ಸುಮ್ನೆ ಅಂದುಕೊಂಡೆ. ಆಮೇಲೆ ಓದುತ್ತಾ ಕಾರಣ ಸಿಕ್ಕಿತು. ಆ ಪರೀಕ್ಷೆಯಲ್ಲಿ ಮಾದರಿಯನ್ನು ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿಯಲ್ಲಿ 24 ಗಂಟೆ ಬೇಯಿಸುತ್ತಾರೆ. ಸಕ್ಕರೆಗೆ ಅಂಟಿದ್ದ ಲೈಸಿನ್ನಿನ ಒಂದು ಭಾಗ ಆ ಆಮ್ಲದಲ್ಲಿ ಬಿಡಿಸಿಕೊಂಡು ಮತ್ತೆ ಲೈಸಿನ್ ಆಗಿಯೇ ಲೆಕ್ಕಕ್ಕೆ ಬರುತ್ತದೆ. ನಮ್ಮ ಹೊಟ್ಟೆಯಲ್ಲಿ ಅಂಥ ಆಮ್ಲ ಎಲ್ಲಿದೆ? ಯಂತ್ರಕ್ಕೆ ಕಂಡದ್ದು ಮಗುವಿಗೆ ಸಿಗುವುದಿಲ್ಲ. ಇದಕ್ಕಾಗಿಯೇ ಕಾರ್ಪೆಂಟರ್ ಎಂಬ ವಿಜ್ಞಾನಿ 1960ರಲ್ಲಿ ಬೇರೆ ದಾರಿ ಕೊಟ್ಟ. ಅಮೈನೊ ಗುಂಪು ಬಿಡಿಯಾಗಿರುವ ಲೈಸಿನ್ನಿಗೆ ಮಾತ್ರ ಒಂದು ರಾಸಾಯನಿಕ ಅಂಟಿಸಿ ಅದನ್ನಷ್ಟೇ ಅಳೆಯುವುದು. ಹುರಿದ ಆಹಾರ ಪರೀಕ್ಷೆಗೆ ಕಳಿಸುವವರು "ಸಿಗುವ ಲೈಸಿನ್" ಬೇಕು ಎಂದು ಕೇಳಿ. ನಾನು ಕೇಳಿರಲಿಲ್ಲ. ಇನ್ನೊಂದು ಮಾತು: ಅದೇ ಆಮ್ಲದಲ್ಲಿ ಟ್ರಿಪ್ಟೊಫ್ಯಾನ್ ಪೂರ್ತಿ ಹಾಳಾಗುತ್ತದೆ, ಸಿಸ್ಟೀನ್ ಸರಿಯಾಗಿ ಸಿಗುವುದಿಲ್ಲ. ಅವುಗಳಿಗೆ ಬೇರೆ ತಯಾರಿ ಬೇಕು. ವರದಿಯಲ್ಲಿ ಆ ಎರಡರ ಜಾಗ ಖಾಲಿ ಇದ್ದರೆ "ಇಲ್ಲ" ಎಂದು ಅರ್ಥ ಮಾಡಿಕೊಳ್ಳಬೇಡಿ.

ಮತ್ತೆ ದುಡ್ಡು ಖರ್ಚು ಮಾಡುವ ಹಾಗಿರಲಿಲ್ಲ. ಕಾಲೇಜಿನಲ್ಲೇ ಏನು ಮಾಡಬಹುದು ಎಂದು ಹುಡುಕಿದೆ. 1977ರ ಒಂದು ವಿಧಾನ ಸಿಕ್ಕಿತು. ಅದಕ್ಕೆ ಬೇಕಾದದ್ದು ಆಮ್ಲ, ಕ್ಷಾರ ಅಳೆಯುವ ಪಿಎಚ್ ಮೀಟರ್, ಬಿಸಿನೀರಿನ ತೊಟ್ಟಿ, ಮೂರು ಕಿಣ್ವಗಳು. ಟ್ರಿಪ್ಸಿನ್, ಕೈಮೊಟ್ರಿಪ್ಸಿನ್, ಪೆಪ್ಟಿಡೇಸ್. ಪ್ರೋಟೀನಿನ ಸರ ಕಿಣ್ವದಿಂದ ತುಂಡಾದಾಗ ಹೈಡ್ರೋಜನ್ ಅಯಾನು ಬಿಡುಗಡೆಯಾಗಿ ಪಿಎಚ್ ಇಳಿಯುತ್ತದೆ. ಎಷ್ಟು ಇಳಿಯಿತೋ ಅಷ್ಟು ಜೀರ್ಣವಾಯಿತು ಎಂದು ಲೆಕ್ಕ.

ಮಾಡಿದ್ದು ಹೀಗೆ. 50 ಮಿಲಿಲೀಟರ್ ನೀರಿನಲ್ಲಿ ಮಿಲಿಲೀಟರಿಗೆ 6.25 ಮಿಲಿಗ್ರಾಂ ಪ್ರೋಟೀನ್ ಇರಬೇಕು. ಅಂದರೆ ಒಟ್ಟು 312.5 ಮಿಲಿಗ್ರಾಂ. ನಮ್ಮ ಹಿಟ್ಟಿನಲ್ಲಿ 14.4 ಇರುವುದರಿಂದ 2.17 ಗ್ರಾಂ ಹಿಟ್ಟು ಹಿಡಿಯಿತು. ನುಣ್ಣಗೆ ಜರಡಿ ಹಿಡಿದೇ ಹಾಕಬೇಕು, ಇಲ್ಲದಿದ್ದರೆ ಗಂಟಾಗುತ್ತದೆ. 37 ಡಿಗ್ರಿಯಲ್ಲಿಟ್ಟು ಪಿಎಚ್ ಸರಿಯಾಗಿ 8ಕ್ಕೆ ತಂದು, ಮಂಜುಗಡ್ಡೆಯಲ್ಲಿಟ್ಟಿದ್ದ ಕಿಣ್ವದ ದ್ರಾವಣ 5 ಮಿಲಿಲೀಟರ್ ಹಾಕಿ ಹತ್ತು ನಿಮಿಷ ನೋಡುವುದು. ಹತ್ತನೇ ನಿಮಿಷದ ಪಿಎಚ್ಚನ್ನು 18.10ರಿಂದ ಗುಣಿಸಿ 210.46ರಿಂದ ಕಳೆದರೆ ಜೀರ್ಣದ ಪ್ರಮಾಣ ಸಿಗುತ್ತದೆ. 7.0ಕ್ಕೆ ಇಳಿದರೆ ನೂರಕ್ಕೆ 84ರ ಹತ್ತಿರ. ಪಕ್ಕದಲ್ಲಿ ಕೇಸೀನ್ ಒಂದನ್ನು ಯಾವಾಗಲೂ ಓಡಿಸುತ್ತಿದ್ದೆ, ಕಿಣ್ವ ಸತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ಗೊತ್ತೇ ಇದೆ. ಎರಡು ಸಲ ಐದನೇ ನಿಮಿಷಕ್ಕೆ ಹೋಯಿತು. ಫ್ರಿಜ್ಜಿನಲ್ಲಿದ್ದ ಕಿಣ್ವವೂ ಒಮ್ಮೆ ಹಾಳಾಯಿತು. ಕೊನೆಗೆ ಕೆಲಸವನ್ನು ಕಾರ್ತಿಕ ಮಾಸಕ್ಕೆ ಮುಂದೂಡಿದೆ.

ಹಸಿ ಹೆಸರು, ಎಳಸಾಗಿ ಹುರಿದದ್ದು, ಹದವಾಗಿ ಹುರಿದದ್ದು, ಕೆಂಪಗೆ ಹುರಿದದ್ದು, ಬೆಲ್ಲ ಹಾಕಿ ಹುರಿದದ್ದು. ಐದನ್ನೂ ಮೂರು ಮೂರು ಸಲ ನೋಡಿದೆವು. ಹಸಿಯದ್ದು ಕಡಿಮೆ ಇಳಿಯಿತು. ಹದದ್ದು ಎಲ್ಲಕ್ಕಿಂತ ಚೆನ್ನಾಗಿ ಇಳಿಯಿತು. ಕೆಂಪಗಿನದ್ದು ಮತ್ತೆ ಹಿಂದೆ ಬಿತ್ತು, ಬೆಲ್ಲದ್ದು ಅದಕ್ಕಿಂತಲೂ ಹಿಂದೆ. ಹಿಂದಿನ ಬೆಂಚಿನ ಆ ಹುಡುಗಿಯೇ ಮೀಟರಿನ ಅಂಕಿ ಬರೆದುಕೊಂಡಳು. ಈ ಅಂಕಿಗಳನ್ನು ನಾನು ಪ್ಯಾಕೆಟ್ಟಿಗೆ ಹಾಕಲಾರೆ. ಹಾಲಿನ ಪುಡಿಯಂಥವು ಪಿಎಚ್ ಇಳಿಯಲು ಬಿಡದೆ ಹಿಡಿದುಕೊಳ್ಳುತ್ತವೆ, ಆಗ ವಿಧಾನವೇ ಮೋಸ ಮಾಡುತ್ತದೆ. ಆದರೆ ಒಂದೇ ಕಾಳನ್ನು ಬೇರೆ ಬೇರೆ ಹದದಲ್ಲಿ ಹೋಲಿಸಲು ಇದು ಸಾಕು. ನಮಗೆ ಬೇಕಾಗಿದ್ದೂ ಅಷ್ಟೇ.

ಹದ ಅಂದರೆ ಯಾವುದು? ದಪ್ಪ ತಳದ ಬಾಣಲೆ, ಸಣ್ಣ ಉರಿ, ಒಂದು ಸಲಕ್ಕೆ ಅರ್ಧ ಕಿಲೋ ಬೇಳೆ. ಮೊದಲು ಹಸಿ ವಾಸನೆ ಬರುತ್ತದೆ. ಆಮೇಲೆ ಬೇಳೆಯ ಹಳದಿ ಸ್ವಲ್ಪ ಮಂಕಾಗುತ್ತದೆ, ಸಟ್ಟುಗ ತಾಗಿದಾಗ ಸದ್ದು ಹಗುರಾಗುತ್ತದೆ. ಪರಿಮಳ ಮೂಗಿಗೆ ಹೊಡೆದ ಕೂಡಲೇ ಇಳಿಸಿ ಮೊರಕ್ಕೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಇನ್ನೊಂದು ಹದ ಮುಂದೆ ಹೋಗುತ್ತದೆ. ಒಂದು ಕಾಳು ತೆಗೆದು ಕಚ್ಚಿದರೆ ಒಳಗೆ ಹಳದಿಯೇ ಇರಬೇಕು, ಕಂದು ಇರಬಾರದು. ಇದನ್ನು ನನಗೆ ತೋರಿಸಿದ್ದು ಅತ್ತೆ. ಬೆಲ್ಲವನ್ನು ಈಗ ಬೆರೆಸುವುದೇ ಇಲ್ಲ. ತಾಯಂದಿರು ಅಂಬಲಿ ಬೇಯಿಸಿ ಇಳಿಸಿದ ಮೇಲೆ ಹಾಕಿಕೊಳ್ಳಲಿ ಎಂದು ಚೀಟಿಯಲ್ಲಿ ಬರೆದಿದ್ದೇವೆ. ಹಾಲೂ ಹಾಗೆಯೇ.

ಸಿಪ್ಪೆ ಇರುವ ಹೆಸರನ್ನು ಬಿಟ್ಟು ಬೇಳೆಗೆ ಬಂದದ್ದಕ್ಕೂ ಕಾರಣ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಡಾ. ಅನುರಾ ಕುರ್ಪಾಡ್ ಅವರ ತಂಡ ಜೀರ್ಣವನ್ನು ಮನುಷ್ಯರಲ್ಲೇ ಅಳೆಯುವ ದಾರಿ ಕಂಡುಕೊಂಡಿದೆ. ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು, ಅದೇ ಕಾಳಿನ ಗುರುತು) ಹಾಕಿ ಬೆಳೆದ ಕಾಳನ್ನು, ಬೇರೆ ಗುರುತು ಹಾಕಿದ ಸ್ಪಿರುಲಿನಾ ಎಂಬ ಪಾಚಿಯ ಜೊತೆ ಉಣಿಸಿ, ರಕ್ತದಲ್ಲಿ ಎರಡೂ ಗುರುತು ಎಷ್ಟು ಬಂತು ಎಂದು ಹೋಲಿಸುತ್ತಾರೆ. ಹಳೆಯ ವಿಧಾನದಲ್ಲಿ ಮಲದಲ್ಲಿ ಉಳಿದದ್ದನ್ನು ನೋಡುತ್ತಿದ್ದರು. ಆದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ತಿಂದದ್ದೂ ಮೈಗೆ ಹೋಯಿತು ಎಂದು ಅದರಲ್ಲಿ ಲೆಕ್ಕವಾಗುತ್ತದೆ. ಹಾಗಾಗಿ 2013ರ ವರದಿ ಸಣ್ಣ ಕರುಳಿನ ಕೊನೆಯವರೆಗಿನ ಜೀರ್ಣವನ್ನು, ಒಂದೊಂದು ಅಮೈನೊ ಆಮ್ಲಕ್ಕೂ ಬೇರೆಯಾಗಿ ನೋಡಬೇಕು ಅಂದಿತು. ಅದಕ್ಕೆ ಡಯಾಸ್ ಎಂದು ಹೆಸರು. ಬೆಂಗಳೂರಿನವರು ಸಿಪ್ಪೆ ತೆಗೆದ ಹೆಸರು ಜಾಸ್ತಿ ಜೀರ್ಣವಾಗುತ್ತದೆ ಎಂದು ತೋರಿಸಿದ್ದಾರೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಅವರಿಗೆ ಸಿಕ್ಕಿದ್ದು ಮೊಟ್ಟೆಗೆ 87, ಅಕ್ಕಿಗೆ 78, ರಾಗಿಗೆ 68, ಹೆಸರಿಗೆ 65ರ ಸುತ್ತ.

ಆ ಅಂಕಿ ಹಾಕಿ ನಮ್ಮ ಹೊಸ ಹಿಟ್ಟನ್ನು ಮತ್ತೆ ಲೆಕ್ಕ ಹಾಕಿದೆ. 81 ಇದ್ದದ್ದು 69ಕ್ಕೆ ಇಳಿಯಿತು. ಸರಾಸರಿ ಜೀರ್ಣವನ್ನೇ ಲೈಸಿನ್ನಿಗೂ ಹಿಡಿದದ್ದರಿಂದ ಇದು ಅಂದಾಜು. ಆದರೂ ಮನಸ್ಸಿಗೆ ಸ್ವಲ್ಪ ಕಷ್ಟವಾಯಿತು. ಅವತ್ತೇ ಚೀಟಿಯಲ್ಲಿ ಒಂದು ಸಾಲು ಸೇರಿಸಿದೆವು: ನೀರಿನಲ್ಲಿ ಬೇಯಿಸಿ, ಕುಡಿಸುವಾಗ ಹಾಲು ಸೇರಿಸಿ, ದಿನಕ್ಕೆ ಒಮ್ಮೆ ಮೊಟ್ಟೆಯನ್ನೋ ಮುಳ್ಳು ಬಿಡಿಸಿದ ಮೀನನ್ನೋ ಕೊಡಿ.

ಮೀನು ಅಂದಾಗ ನೆನಪಾಯಿತು. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ನಮ್ಮ ಕರಾವಳಿಯ ಮನೆಗಳಲ್ಲಿ ಗಂಜಿಗೆ ಒಣಮೀನೇ ನಂಟು. ಅದನ್ನೂ ಲೆಕ್ಕ ಹಾಕಿದೆ. 75 ಗ್ರಾಂ ಅಕ್ಕಿಯ ಗಂಜಿಯಲ್ಲಿ 6 ಗ್ರಾಂ ಪ್ರೋಟೀನ್. ಒಣಮೀನಿನಿಂದ ಇನ್ನೊಂದು 6 ಗ್ರಾಂ ಬಂತು ಅಂದುಕೊಳ್ಳಿ. ಮೀನಿನ ಪ್ರೋಟೀನಿನಲ್ಲಿ ಲೈಸಿನ್ ಗ್ರಾಂಗೆ 90ರ ಹತ್ತಿರ. ಎರಡೂ ಸೇರಿದರೆ ಗ್ರಾಂಗೆ 63. ಮಗುವಿನ 57ನ್ನೂ ದಾಟಿತು. ಬಡವರ ಊಟ ಎಂದು ಮೂಗು ಮುರಿಯುವ ಗಂಜಿ, ಒಣಮೀನು ನನ್ನ 14 ಗ್ರಾಂ ಶೇಂಗಾ ಹಿಟ್ಟಿಗಿಂತ ಎಷ್ಟೋ ಮೇಲಿತ್ತು. ಶಿರಸಿ ಕಡೆಯ ನನ್ನ ಗೆಳತಿ ಮೀನು ತಿನ್ನುವವಳಲ್ಲ. "ನಮ್ಮನೇಲಿ ಎಂತ ಮಾಡೂದು?" ಅಂದಳು. ಅವರ ಮನೆಯ ಊಟವನ್ನು ಬರೆದು ನೋಡಿದೆವು. ಅನ್ನಕ್ಕೆ ತಂಬುಳಿ, ಮಜ್ಜಿಗೆ, ವಾರಕ್ಕೆರಡು ಸಲ ಹುರುಳಿ ಸಾರು. ಮಜ್ಜಿಗೆಯಲ್ಲೂ ಹುರುಳಿಯಲ್ಲೂ ಲೈಸಿನ್ ಚೆನ್ನಾಗಿದೆ. ಆದರೆ ಸಾರಿನಲ್ಲಿ ಅವರು ಬರೀ ಕಟ್ಟನ್ನು ಬಸಿದುಕೊಂಡು ಬೆಂದ ಕಾಳನ್ನು ದನಕ್ಕೆ ಹಾಕುತ್ತಿದ್ದರು. ಪ್ರೋಟೀನ್ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಈಗ ಅರ್ಧ ಕಾಳನ್ನು ರುಬ್ಬಿ ಸಾರಿಗೇ ಹಾಕುತ್ತಾಳೆ.

ಪ್ಯಾಕೆಟ್ಟಿನ ಮೇಲೆ ಕೊನೆಗೆ ಏನು ಬರೆದೆವು? ಪ್ರೋಟೀನ್ ಇದ್ದ ಹಾಗೆ ತೂಕಕ್ಕೆ ಇಷ್ಟು ಎಂದು ಹೊಸ ವರದಿಯ ಅಂಕಿ. ಅದರ ಕೆಳಗೆ ಅಕ್ಕಿ 60, ಹೆಸರುಬೇಳೆ 40 ಎಂದು ಅದೇ ಗಾತ್ರದ ಅಕ್ಷರದಲ್ಲಿ. ಪಿಡಿಕಾಸ್, ಡಯಾಸ್ ಅಂಕಗಳನ್ನು ಹಾಕಲಿಲ್ಲ. ಅವು ಪುಸ್ತಕದ ಅಂಕಿಗಳಿಂದ ಮಾಡಿದ ಲೆಕ್ಕ, ನಮ್ಮ ಹಿಟ್ಟನ್ನು ಮಗುವಿನಲ್ಲಿ ಅಳೆದದ್ದಲ್ಲ. ಪ್ರಮಾಣ ಬರೆದರೆ ಬೇಕಾದವರು ತಾವೇ ಲೆಕ್ಕ ಹಾಕಿಕೊಳ್ಳಬಹುದು. ಶೇಂಗಾ ಹಾಕಿ ಮಾರಿದ ಹಿಟ್ಟಿನ ವಿಷಯವನ್ನು ಅಂಗಡಿಯವರಿಗೂ ಗೊತ್ತಿರುವ ತಾಯಂದಿರಿಗೂ ಹೇಳಿದೆವು. ಒಂದಿಬ್ಬರು ಬೈದರು. ಬೈಯುವುದು ನ್ಯಾಯವೇ.

ಸಂಘದ ಒಲೆಯ ಪಕ್ಕದ ಕಿಟಕಿಯಲ್ಲಿ ಈಗ ಐದು ಸಣ್ಣ ಗಾಜಿನ ಶೀಶೆಗಳಿವೆ. ಹಸಿಯಿಂದ ಕೆಂಪಗಿನವರೆಗೆ ಐದು ಹದದ ಬೇಳೆ. ಬಣ್ಣ ಮಾಸುತ್ತದೆ ಎಂದು ಮೂರು ತಿಂಗಳಿಗೊಮ್ಮೆ ಹೊಸದು ತುಂಬುತ್ತೇವೆ. ಹುರಿಯುವವರು ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ಬೆಳಕಿಗೆ ಹಿಡಿದು ಹೋಲಿಸುತ್ತಾರೆ. ಮೊನ್ನೆ ನಾನು ಆ ದಾರಿಯಲ್ಲಿ ಬರುವಾಗ ಒಳಗಿನಿಂದ ಕೇಳಿಸಿತು: "ಇಳ್ಸೇ, ಇಳ್ಸೇ, ಮೂರನೇ ಶೀಶೆ ಬಂತು!" ಮೊರಕ್ಕೆ ಬೇಳೆ ಸುರಿದ ಸದ್ದೂ ಕೇಳಿಸಿತು.